ವಿಮಲಮ್ಮನ ಸ್ಟೇರಿಂಗ್ ಬಾಕ್ಸು

ಕುಡಿದು ಗಾಡಿ ಓಡಿಸುತ್ತಿದ್ದಾರೆ ಅಂತ ಗುಡ್ಡೆಹೊಸೂರಿನ ಹತ್ತಿರ ಪೊಲೀಸಿನವನು ಮಹದೇವಪ್ಪನವರನ್ನು ತಡೆದು ನಿಲ್ಲಿಸಿದಾಗ ಬೆಳಗಿನ ಹತ್ತೂವರೆ ಗಂಟೆ. ಹಣೆ ತುಂಬ ವಿಭೂತಿ ಬಳಿದುಕೊಂಡ, ಜನ್ಮದಲ್ಲಿ ಕಾಫಿಗಿಂತ ಗಟ್ಟಿಯಾದದ್ದೇನನ್ನೂ ಕುಡಿಯದ ಮನುಷ್ಯ. ಪಕ್ಕದ ಸೀಟಿನಲ್ಲಿ ಹೆಂಡತಿ ವಿಮಲಮ್ಮ. ಹಿಂದೆ, ಎಸ್ಟೇಟಿಗೆ ಕೊಡಲು ವಿಮಲಮ್ಮ ಹೊಲಿದ ಅರವತ್ತು ಪಿಕಿಂಗ್ ಚೀಲ, ಕಾಫಿ ಹಣ್ಣು ಕೊಯ್ಯುವವರು ಸೊಂಟಕ್ಕೆ ಕಟ್ಟಿಕೊಳ್ಳುವಂಥವು.

"ಊದಿ."

ಮಹದೇವಪ್ಪ ಯಂತ್ರಕ್ಕೆ ಊದಿದರು. ಸೊನ್ನೆ. ಪೊಲೀಸಿನವನಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಊದಿಸಿದ. ಮತ್ತೆ ಸೊನ್ನೆ.

"ಹಂಗಾದ್ರೆ ಯಾಕ್ರೀ ರೋಡಿನ ಆ ಅಂಚಿಂದ ಈ ಅಂಚಿಗೆ ಓಲಾಡ್ಕೊಂಡು ಬರ್ತಿದ್ರಿ?"

"ಗಾಡಿ ಸ್ವಲ್ಪ ಹಳೇದು ಸಾರ್. ಅರವತ್ತೆಂಟನೇ ಇಸವೀದು. ಸ್ಟೇರಿಂಗು ಒಂಚೂರು ಲೂಸು."

ಪೊಲೀಸಿನವನು ಕಿಟಕಿಯೊಳಗೆ ಕೈ ತೂರಿಸಿ ಸ್ಟೇರಿಂಗು ತಿರುಗಿಸಿ ನೋಡಿದ. ಕಾಲು ಸುತ್ತು ತಿರುಗಿತು, ಮುಂದಿನ ಟೈರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆ ಕಡೆಗೆ ತಿರುಗಿಸಿದ, ಅದೇ ಕಥೆ. "ನೀವು ಕುಡಿದಿಲ್ಲ ಯಜಮಾನ್ರೇ, ಗಾಡಿ ಕುಡಿದಿದೆ," ಎಂದ. "ರಿಪೇರಿ ಮಾಡಿಸ್ದೆ ಇದನ್ನ ಮತ್ತೆ ರೋಡಿಗೆ ತರಬೇಡಿ."

ವಿಮಲಮ್ಮ ಸೆರಗು ಬಾಯಿಗೆ ತುರುಕಿಕೊಂಡರೂ ನಗು ಹೊರಗೆ ಬಂದೇ ಬಂತು. ಅವರು ನಗತೊಡಗಿದರೆ ಹೆಗಲು, ಬಳೆ, ಕೂತ ಸೀಟು ಎಲ್ಲ ಕುಣಿಯುತ್ತವೆ. ಪೊಲೀಸಿನವನೂ ನಕ್ಕುಬಿಟ್ಟ. ಮಹದೇವಪ್ಪ ಒಬ್ಬರೇ ನಗಲಿಲ್ಲ.

ಶನಿವಾರಸಂತೆ ಕಡೆಯ ಹೆಣ್ಣುಮಗಳು ವಿಮಲಮ್ಮ. ಹತ್ತೊಂಬತ್ತಕ್ಕೆ ಮದುವೆಯಾಗಿ ಕುಶಾಲನಗರಕ್ಕೆ ಬರುವಾಗ ತವರಿನಿಂದ ಒಂದು ಹೊಲಿಗೆ ಯಂತ್ರ ಜೊತೆಗೆ ಬಂದಿತ್ತು. ಮೂರನೇ ತಿಂಗಳಿಗೇ ಅದು ಕೈಕೊಟ್ಟಿತು. ರಿಪೇರಿಯವನು ಹಾಸನದಿಂದ ತಿಂಗಳಿಗೊಮ್ಮೆ ಬರುತ್ತಿದ್ದ. ಅಷ್ಟು ದಿನ ಕಾಯುವ ತಾಳ್ಮೆ ಯಾರಿಗಿದೆ ಅಂತ ವಿಮಲಮ್ಮ ಸ್ಕ್ರೂಡ್ರೈವರ್ ಹಿಡಿದು ಯಂತ್ರವನ್ನು ಪೂರ್ತಿ ಬಿಚ್ಚಿ ಚಾಪೆಯ ಮೇಲೆ ಹರವಿದರು. ಅತ್ತೆ ನೋಡಿ ಹೌಹಾರಿದರು. ಸಂಜೆಗೆ ಯಂತ್ರ ಮೊದಲಿಗಿಂತ ಚೆನ್ನಾಗಿ ಹೊಲಿಯಿತು. ಅಲ್ಲಿಂದ ಈಚೆಗೆ, ಐವತ್ತೇಳು ತುಂಬಿದ ಈ ವರ್ಷದವರೆಗೂ, ಊರಿನ ಅರ್ಧಕ್ಕರ್ಧ ಟೈಲರುಗಳ ಯಂತ್ರ ಸರಿಮಾಡಿದವರು ಅವರೇ. ಈ ಪಿಕಪ್ ಗಾಡಿ ಮಾತ್ರ ಮಹದೇವಪ್ಪನವರದು. ಮೂವತ್ತು ವರ್ಷದ ಹಿಂದೆ ಯಾವುದೋ ಎಸ್ಟೇಟಿನ ಶೆಡ್ಡಿನಲ್ಲಿ ಕೋಳಿ ಕಾವು ಕೂರುತ್ತಿದ್ದ ಗಾಡಿಯನ್ನು ಎಬ್ಬಿಸಿ ತಂದು, ಶುಂಠಿ, ಭತ್ತ, ಮದುವೆಮನೆಯ ಕುರ್ಚಿ, ಏನು ಸಿಕ್ಕರೆ ಅದನ್ನು ಹೊತ್ತು ಸಂಸಾರ ನಡೆಸಿದ್ದರು. ಅದರ ಬಾನೆಟ್ಟಿಗೆ ಇನ್ನೊಬ್ಬರು ಕೈ ಹಾಕಿದರೆ ಅವರಿಗೆ ಸಹಿಸುತ್ತಿರಲಿಲ್ಲ.

ಆದರೂ ಈಗ ಹಾಕಿಸಲೇಬೇಕಾಯಿತು. ಬೈಪಾಸಿನ ಮೆಕ್ಯಾನಿಕ್ ಸಣ್ಣಸ್ವಾಮಿ ಗಾಡಿ ಕೆಳಗೆ ನುಸುಳಿ, ಎದ್ದು ಬಂದು ತಲೆ ಕೆರೆದುಕೊಂಡ. "ಅಣ್ಣಾ, ಬಾಕ್ಸೇ ಸವೆದೋಗಿದೆ. ಹೊಸ ಬಾಕ್ಸು ಈಗೆಲ್ಲಿ ಸಿಗುತ್ತೆ? ಬಿಚ್ಚಿ, ಒಂದೊಂದೇ ಸರಿಮಾಡ್ಬೇಕು. ನಂಗೆ ದೀಪಾವಳಿವರೆಗೂ ಪುರುಸೊತ್ತಿಲ್ಲ."

"ಒಳಗೆ ಏನಿರುತ್ತೆ ಸಣ್ಣಸ್ವಾಮಿ?" ವಿಮಲಮ್ಮ ಕೇಳಿದರು.

ಅವನು ನೆಲದ ಮೇಲೆ ಒಂದು ದಪ್ಪ ಸ್ಕ್ರೂ ಇಟ್ಟು ತೋರಿಸಿದ. "ಸ್ಟೇರಿಂಗ್ ರಾಡಿನ ತುದೀಲಿ ಹಿಂಗೊಂದು ದೊಡ್ಡ ಸ್ಕ್ರೂ ಇರುತ್ತೆ ಅಕ್ಕಾ. ಅದರ ಗೀರೊಳಗೆ ಎರಡು ಪಿನ್ನು ಕೂತಿರ್ತವೆ. ಸ್ಕ್ರೂ ತಿರುಗಿದ್ರೆ ಪಿನ್ನು ಸರೀತದೆ, ಪಿನ್ನು ಸರಿದ್ರೆ ಟೈರು ತಿರುಗ್ತದೆ. ಪಿನ್ನು ಸವೆದ್ರೆ ನಡುವೆ ಸಂದು ಬೀಳ್ತದೆ. ಅದನ್ನೇ ನಾವು ಪ್ಲೇ ಅನ್ನೋದು."

ವಿಮಲಮ್ಮನ ಕಣ್ಣು ಅರಳಿತು. "ಇಷ್ಟೇನಾ! ಬಾಕ್ಸು ಬಿಚ್ಚಿ ನನ್ನ ಕೈಗೆ ಕೊಡು."

"ಲೇ ವಿಮಲಾ, ಅದು ಬ್ಲೌಸಲ್ಲ ಕಣೇ!" ಮಹದೇವಪ್ಪ ಗಾಬರಿಬಿದ್ದರು.

"ಬ್ಲೌಸು ಇದಕ್ಕಿಂತ ಕಷ್ಟ ಕಣ್ರೀ. ಹಾಕ್ಕೊಂಡವರು ಬಂದು ಬೈತಾರೆ."

ಸಣ್ಣಸ್ವಾಮಿ ಬಿದ್ದು ಬಿದ್ದು ನಕ್ಕ. ನಕ್ಕು, ಬಾಕ್ಸನ್ನು ಬಿಚ್ಚಿಯೂ ಕೊಟ್ಟ.

ಮರುದಿನ ತಮ್ಮ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಟೇಬಲ್ಲಿಗೆ ಹಳೇ ಪೇಪರು ಹಾಸಿ ವಿಮಲಮ್ಮ ಕೆಲಸಕ್ಕೆ ಕೂತರು. ಹೊರಗಿನ ಮಣ್ಣು, ಒಳಗಿನ ಕಪ್ಪು ಗ್ರೀಸು ಎಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಹೋಗಿ ಕಬ್ಬಿಣ ಹೊಳೆಯತೊಡಗಿತು. ಸ್ಕ್ರೂವಿನ ಗೀರು ಪರವಾಗಿರಲಿಲ್ಲ. ಪಿನ್ನುಗಳು ಮಾತ್ರ ಒಂದು ಮಗ್ಗುಲಿಗೆ ತೇದು ಚಪ್ಪಟೆಯಾಗಿದ್ದವು. ಪಿನ್ನು ಹೊತ್ತ ಶಾಫ್ಟು ಕೂರುವ ಬುಷ್ಷುಗಳಂತೂ ಬೆರಳಿಗೆ ಸಡಿಲವಾದ ಉಂಗುರದಷ್ಟು ಸಡಿಲ. ಸ್ಕ್ರೂ ಮೇಲೆ ಕೆಳಗೆ ಕೂರುವ ಜಾಗದಲ್ಲಿ ಬಟಾಣಿ ಗಾತ್ರದ ಉಕ್ಕಿನ ಗುಂಡುಗಳಿವೆ, ಜೋಪಾನ ಅಂತ ಸಣ್ಣಸ್ವಾಮಿ ಹೇಳಿ ಕಳಿಸಿದ್ದ. ಮೇಲೆ ಹನ್ನೊಂದು, ಕೆಳಗೆ ಹನ್ನೊಂದು. ಜೋಪಾನ ಅನ್ನುವಷ್ಟರಲ್ಲಿ ಅವು ಟಣಟಣ ಅಂತ ಅಂಗಡಿ ತುಂಬ ಉರುಳಿದವು.

ಗಂಡ ಹೆಂಡತಿ ಇಬ್ಬರೂ ಮೊಣಕಾಲೂರಿ ಹುಡುಕಿದರು. ಬೀರುವಿನ ಕೆಳಗೆ ನಾಲ್ಕು, ಪೆಡಲಿನ ಹಿಂದೆ ಎರಡು. ಟೇಬಲ್ಲಿನ ಅಡಿ ಒಂದೇ ಗುಂಡಿಗೆ ಇಬ್ಬರೂ ಕೈ ಚಾಚಿ ಹಣೆಗೆ ಹಣೆ ಬಡಿದು, ಮಹದೇವಪ್ಪನವರ ವಿಭೂತಿ ವಿಮಲಮ್ಮನ ಹಣೆಗೂ ಹತ್ತಿತು. ಅಲ್ಲಿಯವರೆಗೂ ಬಿಗುಮಾನದಲ್ಲಿದ್ದ ಮಹದೇವಪ್ಪನವರಿಗೆ ಆಗ ನಗು ಬಂತು. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸೊಬ್ಬಳು, ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ ಇವರಿಬ್ಬರನ್ನೂ ನೋಡಿ ಮೆಲ್ಲಗೆ ವಾಪಸು ಹೋದಳು.

ಇಪ್ಪತ್ತೊಂದು ಸಿಕ್ಕಿತು. ಇಪ್ಪತ್ತೆರಡನೆಯದು ಮಹದೇವಪ್ಪ ಎದ್ದು ನಿಂತಾಗ ಅವರ ಪಂಚೆಯ ನಿರಿಗೆಯಿಂದ ತಾನಾಗಿಯೇ ಉದುರಿತು.

ಹೊಸ ಪಿನ್ನಿನ ಶಾಫ್ಟನ್ನು ಸಣ್ಣಸ್ವಾಮಿ ಮೈಸೂರಿನ ಹಳೇ ಸಾಮಾನಿನ ಅಂಗಡಿಯಿಂದ ಹುಡುಕಿ ತರಿಸಿದ. ಲೇತ್ ಕೆಲಸದ ಕಲ್ಲೇಶಪ್ಪ ಹಿತ್ತಾಳೆ ಬುಷ್ಷು ಕಡೆದುಕೊಟ್ಟ. ಉಳಿದದ್ದು ಕೈಯ ಕೆಲಸ. ಮುಚ್ಚಳದ ಕೆಳಗೆ ಕಾಗದದಷ್ಟು ತೆಳುವಾದ ತಗಡಿನ ಹಾಳೆಗಳಿರುತ್ತವೆ. ಒಂದು ಹೆಚ್ಚಾದರೆ ಸ್ಕ್ರೂ ಅಲ್ಲಾಡುತ್ತದೆ, ಒಂದು ಕಮ್ಮಿಯಾದರೆ ಬಿಗಿಯುತ್ತದೆ. ವಿಮಲಮ್ಮ ಒಂದು ತೆಗೆದು ತಿರುಗಿಸಿದರು, ಇನ್ನೊಂದು ಹಾಕಿ ತಿರುಗಿಸಿದರು, ಕಣ್ಣುಮುಚ್ಚಿ ಬೆರಳಲ್ಲೇ ನೋಡಿದರು. ಬಾಬಿನ್ನಿನ ದಾರದ ಬಿಗಿ ನೋಡಿ ನೋಡಿ ಪಳಗಿದ ಬೆರಳು. ನಾಲ್ಕನೇ ಸಲಕ್ಕೆ ಸ್ಕ್ರೂ ಬೆಣ್ಣೆಯಂತೆ ತಿರುಗಿತು.

ಎಡವಟ್ಟಾದದ್ದು ಆಮೇಲೆ. ಪಿನ್ನನ್ನು ಗೀರಿಗೆ ಒತ್ತುವ ಬದಿಯ ಬೋಲ್ಟನ್ನು ಬಿಗಿಮಾಡಿ ತಿರುಗಿಸಿದರೆ, ಬಾಕ್ಸು ನಡುಮಧ್ಯಕ್ಕೆ ಬಂದು ಕಚ್ಚಿಕೊಂಡು ನಿಂತಿತು. ಇಡೀ ಮಧ್ಯಾಹ್ನ ವಿಮಲಮ್ಮ ಅದರ ಜೊತೆ ಜಗಳವಾಡಿದರು. ಕೊನೆಗೆ ಫೋನು ಮಾಡಿದರೆ ಸಣ್ಣಸ್ವಾಮಿ, "ಎಲ್ಲಿ ಇಟ್ಟು ಬಿಗಿ ಮಾಡಿದ್ರಿ? ತುದೀಲಾ? ಅಯ್ಯೋ ಅಕ್ಕಾ, ಗೀರು ನಡುವೆ ಕಿರಿದು, ಆಚೀಚೆ ಅಗಲ. ಮಧ್ಯಕ್ಕೆ ತಂದು ಬಿಗಿ ಮಾಡ್ಬೇಕು," ಎಂದ.

"ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ನೀವು ಅಲ್ಲಿವರೆಗೂ ಬರ್ತೀರಿ ಅಂತ ನಂಗೇನು ಗೊತ್ತು!"

ಮಧ್ಯಕ್ಕೆ ತಂದು ಬಿಗಿ ಮಾಡಿದ ಬಾಕ್ಸು ಅದಾದ ಮೂರನೇ ದಿನ ಗಾಡಿಗೆ ಕೂತಿತು. ಗೇರ್ ಆಯಿಲ್ ಹೊಯ್ದು ಮುಚ್ಚಿ, ಸಣ್ಣಸ್ವಾಮಿ ಸ್ಟೇರಿಂಗಿಗೆ ಒಂದು ಬೆರಳು ತಾಗಿಸಿದ. ಟೈರು ಅಲ್ಲಾಡಿತು. "ಅಕ್ಕಾ!" ಎಂದು ಅವನು ಕೂಗಿದ ಕೂಗಿಗೆ ಪಕ್ಕದ ಪಂಕ್ಚರ್ ಅಂಗಡಿಯವರೂ ಓಡಿಬಂದರು.

ಮಹದೇವಪ್ಪ ಠೀವಿಯಿಂದ ಹತ್ತಿ, ಗ್ಯಾರೇಜಿನ ಹಿಂದಿನ ಬಯಲಿಗೆ ಗಾಡಿ ತಂದರು. ಮೂವತ್ತು ವರ್ಷದಿಂದ ಅವರ ಕೈ ಕಲಿತದ್ದು ಒಂದೇ: ಎಡಕ್ಕೆ ಹೋಗಬೇಕಾದರೆ ಕಾಲು ಸುತ್ತು ಸುಮ್ಮನೆ ತಿರುಗಿಸಿ, ಆಮೇಲೆ ಬೇಕಾದಷ್ಟು ತಿರುಗಿಸುವುದು. ಹಾಗೇ ತಿರುಗಿಸಿದರು. ಗಾಡಿ ಮೊದಲ ಸಲ ಹೇಳಿದಷ್ಟನ್ನೂ ಕೇಳಿ, ಸರ್ರನೆ ಎಡಕ್ಕೆ ಹೊರಳಿತು. ಗಾಬರಿಯಲ್ಲಿ ಬಲಕ್ಕೆಳೆದರು, ಬಲಕ್ಕೆ ಹಾರಿತು. ಹಾಗೇ ನಾಲ್ಕು ಸಲ ಆಚೀಚೆ ಹಾರಿ, ತೊಳೆದು ರಾಶಿ ಹಾಕಿದ್ದ ಶುಂಠಿಯ ಗುಡ್ಡೆಗೆ ಮೂತಿ ಇಟ್ಟು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ವೈಪರಿನ ಮೇಲೊಂದು ಶುಂಠಿಯ ಬೆರಳು ಕೂತಿತ್ತು.

"ನಂಗೆ ಸೊಟ್ಟ ಗಾಡೀನೇ ಅಭ್ಯಾಸವಾಗಿದೆ ಕಣೆ," ಎಂದರು ಮಹದೇವಪ್ಪ, ಇಳಿದು ಬಂದು.

"ನಂಗೆ ಯಾವ ಅಭ್ಯಾಸವೂ ಇಲ್ಲ. ನಾನು ನೋಡ್ಲಾ?"

ಮಹದೇವಪ್ಪ ಹೆಂಡತಿಯ ಮುಖ ನೋಡಿದರು. ಬಾನೆಟ್ಟು ಮುಟ್ಟಿದರೇ ಸಹಿಸದ ಮನುಷ್ಯ ಕೀಲಿಯನ್ನು ಅವರ ಅಂಗೈ ಮೇಲಿಟ್ಟು, ತಾವೇ ಪಕ್ಕದಲ್ಲಿ ಕೂತು ಕ್ಲಚ್ಚು ತೋರಿಸಿಕೊಟ್ಟರು. ಎರಡು ಸಲ ಗಾಡಿ ನೆಗೆದು ಆಫಾಯಿತು. ಮೂರನೇ ಸಲ ಹೊರಟಿತು. ವಿಮಲಮ್ಮ ಬಯಲಿನ ಈ ತುದಿಯಿಂದ ಆ ತುದಿಗೆ ನೂಲು ಹಿಡಿದಂತೆ ನೇರವಾಗಿ ಹೋದರು. ಅವರು ನಗುವ ಸದ್ದು ಇಂಜಿನ್ನಿನ ಸದ್ದಿಗಿಂತ ಮೇಲೆ ಕೇಳುತ್ತಿತ್ತು.

ಎಲ್ ಬೋರ್ಡು ಬಂತು. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಬಯಲಲ್ಲಿ ಅಭ್ಯಾಸ. ಕಂಬಗಳ ನಡುವೆ ಎಂಟರ ಆಕಾರದಲ್ಲಿ ಗಾಡಿ ಬಳಸುವ ಲೈಸೆನ್ಸ್ ಪರೀಕ್ಷೆಯಲ್ಲಿ ಅವರಿಗಿಂತ ಮೂವತ್ತು ವರ್ಷ ಚಿಕ್ಕವರು ಕಂಬ ಬೀಳಿಸಿದರು, ವಿಮಲಮ್ಮ ಒಂದನ್ನೂ ಮುಟ್ಟಲಿಲ್ಲ. ಅಂಗಿಯ ಕಂಕುಳಲ್ಲಿ ಹೊಲಿಗೆ ತಿರುಗಿಸುವುದು ಇದಕ್ಕಿಂತ ಇಕ್ಕಟ್ಟು ಅಂತ ಪರೀಕ್ಷೆ ಮಾಡಿದ ಅಧಿಕಾರಿಗೇ ಹೇಳಿಬಂದರು.

ಡಿಸೆಂಬರಿನಲ್ಲಿ ಪಿಕಿಂಗ್ ಶುರುವಾದಾಗ, ಇನ್ನೂ ನಲವತ್ತು ಚೀಲ ಬೇಕೆಂದು ನೆಲ್ಯಹುದಿಕೇರಿಯ ಆಚೆಯ ಎಸ್ಟೇಟಿನಿಂದ ಅಲ್ಲಿ ಲೆಕ್ಕ ಬರೆಯುವ ರೈಟರ್ ಜಯಪ್ರಕಾಶ್ ಫೋನು ಮಾಡಿದ. ವಿಮಲಮ್ಮ ತಾವೇ ಗಾಡಿ ಓಡಿಸಿಕೊಂಡು ಹೋದರು. ಮಹದೇವಪ್ಪ ಪಕ್ಕದಲ್ಲಿ ಕೂತು, ಮೊದಲ ಎರಡು ತಿರುವಿಗೆ ಡ್ಯಾಶ್‌ಬೋರ್ಡು ಗಟ್ಟಿಯಾಗಿ ಹಿಡಿದಿದ್ದವರು, ಮೂರನೆಯದಕ್ಕೆ ಕೈಬಿಟ್ಟು ಎಲೆಅಡಿಕೆ ಹಾಕಿಕೊಂಡರು.

ಕಣದಲ್ಲಿ ಹಣ್ಣು ತೂಗಿಸಲು ನಿಂತಿದ್ದ ಹೆಂಗಸರು ಸ್ಟೇರಿಂಗ್ ಹಿಡಿದು ಬಂದವರು ಯಾರೆಂದು ನೋಡಿ ಹೋ ಅಂದರು. ಕೂಲಿಯವರ ಲೈನ್‌ಮನೆಯ ದೊಡ್ಡಿ ಅನ್ನುವವಳು ಎಲ್ಲರಿಗಿಂತ ಮುಂದೆ ಬಂದಳು.

"ವಿಮಲಕ್ಕ, ನಮ್ಮನ್ನೂ ಒಂದು ಸುತ್ತು ಕರ್ಕೊಂಡು ಹೋಗಿ!"

"ಹತ್ತಿ ಮತ್ತೆ, ನೋಡ್ತಾ ನಿಂತ್ಕೊಂಡ್ರೆ?"

ರೈಟರ್ ಬೇಡ ಬೇಡ ಅನ್ನುವಷ್ಟರಲ್ಲಿ ಹನ್ನೊಂದು ಜನ ಹಿಂದೆ ಹತ್ತಿದ್ದರು. ಹರವಿದ ಕಾಫಿಯ ಅಂಚು ಹಿಡಿದು, ಒಂದು ಹಣ್ಣನ್ನೂ ತುಳಿಯದೆ, ವಿಮಲಮ್ಮ ಮೆಲ್ಲಗೆ ಕಣದ ಸುತ್ತ ಗಾಡಿ ತಿರುಗಿಸಿದರು. ಹಿಂದೆ ಕೇಕೆಯೋ ಕೇಕೆ. ಒಂದು ಸುತ್ತು ಅಂದದ್ದು ಮೂರಾಯಿತು. ಇಳಿಯಿರಿ ಅಂದರೆ ಯಾರೂ ಇಳಿಯಲಿಲ್ಲ. ಅಷ್ಟರಲ್ಲಿ ಜಯಪ್ರಕಾಶ್ ತೂಕದ ಪುಸ್ತಕ ಕಂಕುಳಲ್ಲಿಟ್ಟುಕೊಂಡು, ತಾನೂ ಹಿಂದಿನ ಹಲಗೆ ಹಿಡಿದು ಹತ್ತುತ್ತಿದ್ದ.