ಎಲ್ಲರೂ ಹೂಂ ಅಂದ ಸೀನು

ನಾನು ಕಲಿತದ್ದು ಏಳನೆಯ ಇಯತ್ತೆ. ಮೂಡಲಗಿಯಲ್ಲಿ ಪಂಪ್‌ಸೆಟ್ ಮೋಟಾರು ಸುತ್ತುವ ಅಂಗಡಿ ನನ್ನದು. ಅಂಥವನು ಸಿನಿಮಾದ ಚಿತ್ರಕಥೆ ಬರೆಯುವುದನ್ನು ಕಲಿಯಲು ಗೋಕಾಕದ ಎಂಟು ರವಿವಾರದ ಶಿಬಿರಕ್ಕೆ ಹೆಸರು ಹಚ್ಚಿದೆ ಎಂದರೆ ನಗಬೇಡಿ. ನಮ್ಮ ಓಣಿ ಆಗಲೇ ನಕ್ಕು ಮುಗಿಸಿದೆ. ಸುಟ್ಟ ಮೋಟಾರು ತಂದವರಿಗೆ ತಂತಿ ಸುತ್ತುತ್ತ ನಾನೇ ಕಟ್ಟಿದ ಕಥೆ ಹೇಳುತ್ತಿದ್ದೆ. ಅವರು ಅಲುಗಾಡದೆ ಕೇಳುತ್ತಿದ್ದರು. ಮೋಟಾರು ಕೈಗೆ ಬರುವ ತನಕ ಅವರಿಗೆ ಬೇರೆ ದಾರಿ ಇರಲಿಲ್ಲ. ನಾನು ಅದನ್ನು ಪ್ರತಿಭೆ ಎಂದು ತಿಳಿದೆ.

ಮೂರನೆಯ ರವಿವಾರ ಕಲಿಸುವ ಸರ್ ನನ್ನ ಸೀನು ಓದಿ ಕನ್ನಡಕ ತೆಗೆದಿಟ್ಟರು. ಅದರಲ್ಲಿ ನಾಯಕ ಹೊಲ ಕೇಳುತ್ತಾನೆ, ಅಣ್ಣ ಕೊಡುತ್ತಾನೆ. ಹುಡುಗಿಯನ್ನು ಕೇಳುತ್ತಾನೆ, ಅವಳಪ್ಪ ಕೊಡುತ್ತಾನೆ.

"ಏನ್ರಿ, ನಿಮ್ಮೂರಾಗ ಒಲ್ಲೆ ಅನ್ನಾವ್ರ ಇಲ್ಲೇನ್ರಿ? ಎಲ್ಲಾರೂ ಹೂಂ ಅಂದ್ರ ಅದು ಸೀನಲ್ಲ, ಲಗ್ನಪತ್ರಿಕಾ. ನಡುವ ಒಂದ ಕಲ್ಲ ಒಗೀರಿ. ಮುಚ್ಚಿಟ್ಟದ್ದು ಏನರ ಹೊರಗ ಬರ್ಲಿ. ಆಮ್ಯಾಲ ಯಾರ ಮುಖ ಹ್ಯಾಂಗ ಆಕ್ಕೇತಿ ನೋಡ್ರಿ."

ಅದನ್ನು ವಹಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಆ ಗುರುವಾರ ನನ್ನ ತಂಗಿಯನ್ನು ನೋಡಲು ಹುಕ್ಕೇರಿಯವರು ಬಂದರು. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಹಿಂದೊಮ್ಮೆ ಕಲ್ಲೋಳಿಯ ಸಂಬಂಧ ನಿಶ್ಚಯವಾಗಿ ಮುರಿದಿತ್ತು. ತಪ್ಪು ಅವಳದಲ್ಲ, ಆ ಹುಡುಗ ಬೇರೊಬ್ಬಳನ್ನು ಮದುವೆಯಾದ. ಈ ಮಾತನ್ನು ಮುಂದಿನ ಭೇಟಿಯಲ್ಲಿ ಕಾಕಾ ಸಾವಕಾಶ ಹೇಳುವುದೆಂದು ಮನೆಯಲ್ಲಿ ನಿಶ್ಚಯಿಸಿದ್ದೆವು.

ತಂಗಿ ಮಣೆಯ ಮೇಲೆ ಕೂತಳು. ಹುಕ್ಕೇರಿಯ ಹುಡುಗ ತಾನೇ ಬಾಯಿ ಬಿಟ್ಟು ಕೇಳಿದ: "ಮಷೀನ ನಿಮ್ದ ತರ್ತೀರೋ, ನಾವ ಹೊಸಾದ ತಂದಿಡೂಣೋ?"

"ನನ್ನ ಮಷೀನ ನನಗ ರೂಢಿ ಆಗೇತ್ರಿ," ಎಂದು ನಕ್ಕಳು. ಅವಳು ನಕ್ಕದ್ದನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ.

ಹುಡುಗನ ತಾಯಿ ಹೂಂ ಅಂದರು. ಅವನ ಸೋದರಮಾವ ಹೂಂ ಅಂದ. ಕಾಕಾ ಹೂಂ, ಅವ್ವ ಹೂಂ. ಮೂಲೆಯಲ್ಲಿ ಕೂತ ನನಗೆ ಸರ್ ಕನ್ನಡಕ ತೆಗೆದಿಟ್ಟದ್ದು ಕಾಣಿಸಿತು. ಬಾಯಿ ತೆರೆದೆ.

"ಕಲ್ಲೋಳಿಯವ್ರೂ ಹಿಂಗ ಹೂಂ ಅಂದು ಸೀರಿ ಉಡಿಸಿ ಹೋಗಿದ್ರು ಬಿಡ್ರಿ."

ಸೋದರಮಾವನ ಬಾಯಲ್ಲಿ ಅವಲಕ್ಕಿ ನಿಂತಿತು. ತಾಯಿ ಚಹಾದ ಕಪ್ಪು ಕೆಳಗಿಟ್ಟರು. ಕಾಕಾ ಎಲ್ಲವನ್ನೂ ವಿವರಿಸಿದರು, ಆದರೆ ಸಿಕ್ಕಿಬಿದ್ದವನು ವಿವರಿಸುವ ಹಾಗೆ. "ತಿಳಸ್ತೀವ್ರಿ," ಎಂದು ಹುಕ್ಕೇರಿಯವರು ಎದ್ದು ಹೋದರು.

"ನಾಲಿಗಿ ಜಾರ್ತು," ಎಂದೆ ನಾನು.

"ಊರ ಮಂದಿ ಮೋಟರಿಗೆಲ್ಲಾ ಸ್ವಿಚ್ ಹಚ್ಚತಿ. ನಿನ್ನ ನಾಲಿಗೀಗೊಂದ ಹಚ್ಚಕೊಳ್ಳೋ ಮಾರಾಯಾ," ಎಂದರು ಕಾಕಾ. ಅವ್ವ ಅತ್ತಳು, ಆದರೆ ನಂಬಿದಳು. ನಾಲಿಗೆ ಜಾರಿರಲಿಲ್ಲ. ಅವರ ಮುಖ ಹೇಗಾಗುತ್ತದೆಂದು ನೋಡುವ ಚಪಲ ನನಗೆ ಹತ್ತಿತ್ತು. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಶನಿವಾರ ಹುಕ್ಕೇರಿಯಿಂದ ಫೋನ್ ಬಂತು: ಹಿರಿಯರು ಸದ್ಯಕ್ಕೆ ಬೇಡ ಅನ್ನುತ್ತಾರಂತೆ. ಮರುದಿನ ತಂಗಿಯ ಹತ್ತಿರ ಕೂರಬೇಕಾದವನು ನಾನು ಗೋಕಾಕದ ಬಸ್ಸು ಹತ್ತಿದೆ. ವಹಿಯಲ್ಲಿ ಹೊಸ ಸೀನು ತಯಾರಿತ್ತು.

ಓದಿದೆ. ಜನ ಚಪ್ಪಾಳೆ ತಟ್ಟಿದರು. ಪದವಿ ಓದಿದವರೂ ತಟ್ಟಿದರು. ಹೇಳಲು ನಾಚಿಕೆ, ನನಗೆ ಖುಷಿಯಾಯಿತು.

"ಇದು ಸೀನ ನೋಡ್ರಿ!" ಎಂದರು ಸರ್. ಆಮೇಲೆ ಹಾಳೆ ತಿರುವಿದರು. "ಆದ್ರ ಹುಡುಗಿ ಎಲ್ಲಿ ಅದಾಳ್ರಿ?"

"ಮಣಿ ಮ್ಯಾಲ ಅದಾಳ್ರಿ ಸರ್."

"ಅದ ಗೊತ್ತಾತು. ಕಲ್ಲ ಬಿದ್ದಾಗ ಆಕಿ ಏನ ಮಾಡಿದ್ಲು?"

ಅವಲಕ್ಕಿ ತಿನ್ನುವ ಸೋದರಮಾವನಿಗೆ ಅರ್ಧ ಪುಟ ಕೊಟ್ಟಿದ್ದೆ. ಅವಳಿಗೆ ಒಂದು ಸಾಲೂ ಇರಲಿಲ್ಲ. ನಾನು ಅವಳ ಕಡೆ ನೋಡಿಯೇ ಇರಲಿಲ್ಲ.

ಸಂಜೆ ಮನೆಗೆ ಬಂದಾಗ ಅವಳು ಯಾರದೋ ಕುಪ್ಪಸಕ್ಕೆ ತೋಳು ಜೋಡಿಸುತ್ತಿದ್ದಳು. ಸೀನಿಗಾಗಿ ಕೇಳಿದೆನೋ, ಮನಸ್ಸು ಚುಚ್ಚಿ ಕೇಳಿದೆನೋ, ಈಗಲೂ ಸರಿಯಾಗಿ ಹೇಳಲಾರೆ.

"ಅವತ್ತ ನಾ ಆ ಮಾತ ಅಂದಾಗ ನೀ ಏನ ಮಾಡಾಕತ್ತಿದ್ದಿ?"

ಅವಳು ಮಷೀನು ನಿಲ್ಲಿಸಲಿಲ್ಲ.

"ನಿನ್ನ ನೋಡಾಕತ್ತಿದ್ನಿ ಅಣ್ಣಾ. ನೀ ಕಿಸೇದಾಗ ಪೆನ್ನ ಹುಡುಕಾಕತ್ತಿದ್ದಿ."