ನನ್ನ ಬೈಕು, ಹನುಮಂತಪ್ಪನವರ ಸವಾರಿ

ಎಂಜಿನ್ ಡಬಡಬ ಎಂದಿದ್ದೇ ತಡ, ಖುಷಿ ತಡೆಯಲಾರದೆ ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ನನ್ನ ಬೈಕು ಎದುರುಮನೆಯ ಹನುಮಂತಪ್ಪನವರನ್ನು ಹೊತ್ತುಕೊಂಡು ಶಂಕರಪುರದ ನಮ್ಮ ಬೀದಿಯ ತಿರುವಿನಲ್ಲಿ ಮಾಯವಾಗಿತ್ತು.

ವರ್ಷಗಟ್ಟಲೆ ಕೆಟ್ಟು ನಿಂತಿದ್ದ ಸೋದರಮಾವನ ಬೈಕು ಅದು. ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ನಾನೇ ಬಿಚ್ಚಿ ಜೋಡಿಸಿದ್ದೆ. ನಿವೃತ್ತರಾದ ಹನುಮಂತಪ್ಪನವರಿಗೆ ಮಾತ್ರ ಅದು ಬೈಕಲ್ಲ, ಬೆಂಚು. ಬೆಳಗಿನ ವಾಕಿಂಗ್ ಮುಗಿಸಿ ಅದರ ಮೇಲೆ ಕೂತೇ ಪತ್ರಿಕೆ ಓದುತ್ತಿದ್ದರು. ಆ ಭಾನುವಾರ ಕಿಕ್ ಹೊಡೆದು ಹೊಡೆದು ಕಾಲು ಸೋತು, "ಹೇಗೂ ಕೂತಿದೀರಲ್ಲ ಅಂಕಲ್, ನಾನು ತಳ್ತೀನಿ. ಹೇಳ್ದಾಗ ಕ್ಲಚ್ ಬಿಡಿ" ಎಂದಿದ್ದೆ.

ಬ್ರೇಕ್ ಹಿಡಿಯುತ್ತದೋ ಇಲ್ಲವೋ ಎಂದು ನೋಡಿಯೇ ಇರಲಿಲ್ಲ ಎನ್ನುವುದು ಆಮೇಲೆ ಹೊಳೆಯಿತು. ಅವರ ಹೆಂಡತಿಗೆ ಏನು ಹೇಳಲಿ ಎಂದು ಗೇಟಿನ ಬಳಿ ಬೆವರುತ್ತ ನಿಂತೆ. ಅರ್ಧ ಗಂಟೆಯ ಮೇಲೆ ಡಬಡಬ ಸದ್ದು ವಾಪಸ್ ಬಂತು. ಹ್ಯಾಂಡಲಿನಲ್ಲಿ ಕೊತ್ತಂಬರಿ ಸೊಪ್ಪು ನೇತಾಡುತ್ತಿತ್ತು.

"ಗಾಂಧಿಬಜಾರ್‌ಗೆ ಹೋಗಿದ್ದೆ ಕಣಮ್ಮಾ. ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ವೇನೋ ಅಂತ ಸೊಪ್ಪಿನಮ್ಮನ್ನೇ ಗಾಡಿ ಹತ್ರ ಕರೆದೆ. ಬ್ರೇಕ್ ಒಂಚೂರು ನೋಡು" ಎಂದವರೇ ಎಂಜಿನ್ ಆಫ್ ಮಾಡಿ ಇಳಿದರು.

ಅವರ ಮಾತು ನಿಜವಾಯಿತು. ಬೈಕು ಇವತ್ತಿನವರೆಗೂ ಮತ್ತೆ ಸ್ಟಾರ್ಟ್ ಆಗಿಲ್ಲ, ನಾನು ಒಮ್ಮೆಯೂ ಓಡಿಸಿಲ್ಲ. ಹನುಮಂತಪ್ಪನವರು ಈಗಲೂ ದಿನಾ ಬಂದು ಅದೇ ಸೀಟಿನ ಮೇಲೆ ಪತ್ರಿಕೆ ಓದುತ್ತಾರೆ, ತಲೆಗೆ ಹೆಲ್ಮೆಟ್ ಹಾಕಿಕೊಂಡು.