ಮೊದಲು ತಿರುಗಿದ ಚಪ್ಪಲಿ

ಪ್ಲೇಗಿನ ವರ್ಷದ ಒಂದು ಗುರುವಾರ, ಬೆಳಗಿನ ಎಂಟು ಗಂಟೆ. ರಾಯದುರ್ಗದ ಬೆಟ್ಟದ ಬುಡದ ದರ್ಗಾದಲ್ಲಿ ಅವ್ವ, ಅಕ್ಕ, ನಾನು, ದರ್ಗಾ ನೋಡಿಕೊಳ್ಳುವ ಮುದುಕರು. ಅವ್ವನಿಗೆ ಹಿಂದಿನ ಸಂಜೆಯಿಂದ ಜ್ವರ. ಕಂಕುಳಲ್ಲಿ ಗಡ್ಡೆ ಎದ್ದರೆ ಉಳಿಯುವುದಿಲ್ಲವೆಂದು ನಮಗೆ ಗೊತ್ತಿತ್ತು.

ಮುದುಕರು ಪ್ರಾರ್ಥನೆ ಓದಿ ಊದಿದ ನೀರನ್ನು ಅವ್ವನಿಗೆ ಕೊಟ್ಟು ನಮಗಿಂತ ಮೊದಲು ಹೊರಗೆ ಹೋದರು. ಅವ್ವ ಕುಡಿದ ಮೇಲೆ ನಾವೂ ಬಂದೆವು. ಬಾಗಿಲಲ್ಲಿ ನಾವು ಬಿಟ್ಟಿದ್ದ ಚಪ್ಪಲಿಗಳಲ್ಲಿ ಅವಳವು ಮಾತ್ರ ದಾರಿಯ ಕಡೆಗೆ ತಿರುಗಿದ್ದವು.

"ಅವ್ವನ್ನ ಮ್ಯಾಲಕ್ಕ ಕಳಿಸಾಕ ಸಿದ್ಧ ಮಾಡ್ಯಾರ," ಎಂದು ಅಕ್ಕ ಪಿಸುಗುಟ್ಟಿದಳು.

"ಯಾಕ ತಾತಾ, ಅವ್ವನವು ಅಷ್ಟೇ ತಿರುಗಿಸೀರಿ?" ಎಂದು ಕೇಳಿದೆ.

"ಬಂದೋರ ಚಪ್ಪಲಿ ತಿರುಗಿಸಿಡೋದು ನಮ್ಮ ಗುರುಗಳು ಕೊಟ್ಟ ಕೆಲಸರಿ. ಜ್ವರದಾಕಿ ಬಗ್ಗಬಾರದಂತ ಆಕಿವು ಮೊದಲು," ಎಂದು ಅವರು ಅಕ್ಕನ ಚಪ್ಪಲಿಗೆ ಕೈ ಹಾಕಿದರು.

"ಮುಟ್ಟಬ್ಯಾಡ್ರಿ ತಾತಾ, ಸಗಣಿ ಐತಿ," ಎಂದಳು ಅಕ್ಕ.

"ನನ್ನ ಕೈಗೇನು ಅತ್ತರ ಹಚ್ಚೀನೇನ್ರಿ?"

ಅವ್ವ ನಕ್ಕಳು. ನಮ್ಮ ಭಯ ಇಳಿಯಲಿಲ್ಲ. ಊರು ಬಿಟ್ಟವರೆಲ್ಲ ಗುಡಿಸಲು ಹಾಕಿಕೊಂಡಿದ್ದ ಬಯಲಿಗೆ ಮರಳಿದೆವು. ಸಂಜೆ ಬೆಳಕಿರುವಾಗಲೇ ಅವ್ವನ ಕಂಕುಳು ಮುಟ್ಟಿ ನೋಡಿದೆ. ಗಡ್ಡೆ ಇರಲಿಲ್ಲ. ನಂಬಿಕೆಯಾಗದೆ ಮತ್ತೆ ನೋಡಿದೆ. ಆಮೇಲೆ ಅವಳಿಗೆ ಗಂಜಿ ಕುಡಿಸಿ, ಪಾತ್ರೆ ತೊಳೆದು ಬೋರಲು ಹಾಕಿದೆ.